ಗಬ್ಬುಸಾವಂತಿಯ ಪೇಪರು

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಸಿಗುವ ಆ ಖಾಸಗಿ ಕಾಲೇಜಿನಲ್ಲಿ ಒಬ್ಬರ ಬಗ್ಗೆ 'ಪಾಠ ಚೆನ್ನಾಗಿ ಮಾಡುತ್ತಾರೆ' ಎಂದರೆ ಅದು ದೂರು. ಪೇಪರು ಬರೆದಿಲ್ಲ ಎನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು. ಮೈಕ್ರೋಬಯಾಲಜಿಯ ಜಲಜಾ ಹನ್ನೊಂದು ವರ್ಷದಿಂದ ಪಾಠ ಚೆನ್ನಾಗಿ ಮಾಡುತ್ತಿದ್ದರು.

ಪ್ರಿನ್ಸಿಪಾಲ್ ವಿಠ್ಠಲ ಒಂದು ದಿನ ಅವರನ್ನು ಕರೆದು ಕೂರಿಸಿ, ಕಾಲೇಜಿಗೆ ತಪಾಸಣೆಯ ತಂಡ ಬರಲಿರುವ ವಿಷಯ ತಿಳಿಸಿದರು.

"ನಿಮ್ಮ ಹೆಸರಿನ ಮುಂದೆ ಸೊನ್ನೆ ಇದೆ ಮೇಡಂ. ಸೊನ್ನೆ ಇದ್ದವರನ್ನ ಇಟ್ಕೊಳ್ಳೋದು ಇನ್ಮುಂದೆ ಕಷ್ಟ ಆಗುತ್ತೆ. ಏನಾದ್ರೂ ಒಂದು ಗಿಡ ತಗೊಳ್ಳಿ."

"ಯಾವ ಗಿಡ ಸಾರ್?"

"ಯಾವ್ದಾದ್ರೂ. ಗಿಡ ಅಂದ್ಮೇಲೆ ಒಂದಲ್ಲ ಒಂದು ಬ್ಯಾಕ್ಟೀರಿಯಾನ ಕೊಲ್ಲುತ್ತೆ. ಎರಡನೇ ಹೆಸರು ನಂದು ಹಾಕಿ, ಮಾರ್ಗದರ್ಶನ ಮಾಡಿದೀನಲ್ಲ."

ಮಾರ್ಗದರ್ಶನ ಅಲ್ಲಿಗೆ ಮುಗಿಯಿತು.

ಜಲಜಾ ಮತ್ತು ಅವರ ತಂದೆ ಪುರುಷೋತ್ತಮ ಇದ್ದದ್ದು ಮೂಡಲಪಾಳ್ಯದಲ್ಲಿ. ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟು. ಮೂಡಲಪಾಳ್ಯ ಹಳ್ಳಿಯಾಗಿದ್ದಾಗ ಅದು ನೆರೆಯ ಚಿಕ್ಕಲಕ್ಷ್ಮಮ್ಮನ ಮನೆಯವರ ರಾಗಿ ಹೊಲದ ಮೂಲೆ. ಈಗ ಸುತ್ತಲಿನ ನಾಲ್ಕು ಕಟ್ಟಡಗಳು ಅವರವೇ. ಈ ಒಂದು ಸೈಟನ್ನು ಮಾತ್ರ ಮೊಮ್ಮಗಳ ಹೆಸರಿಗೆಂದು ಬಿಟ್ಟಿದ್ದರು. ಅದರಲ್ಲಿ ಒಡೆದ ಟೈಲ್ಸು, ಎಳನೀರು ಬುರುಡೆ, ಯಾರೋ ತಂದು ಹಾಕಿದ ಹಳೆಯ ಕಮೋಡು, ಇವುಗಳ ನಡುವೆಲ್ಲ ಒಂದು ಕಳೆ ಹಬ್ಬಿಕೊಂಡಿತ್ತು. ನೆಲಕ್ಕೆ ಅಂಟಿದ ಒರಟು ಎಲೆ, ಅದರ ನಡುವಿನಿಂದ ಗೇಣುದ್ದದ ಬಡಕಲು ಕಡ್ಡಿ, ಕಡ್ಡಿಯ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಹಳದಿ ಹೂ, ಸುತ್ತ ನಾಲ್ಕೈದು ಬಿಳಿ ಎಸಳು. ಪೂಜೆಗೆಂದು ಬೆಳಿಗ್ಗೆ ಕಂಡವರ ಕಾಂಪೌಂಡಿನಿಂದ ಹೂ ಕೀಳುವವರು ಕೂಡ ಇದನ್ನು ಮುಟ್ಟುತ್ತಿರಲಿಲ್ಲ. ಪುಸ್ತಕದಲ್ಲಿ ಅದರ ಹೆಸರು ಟ್ರೈಡಾಕ್ಸ್.

"ನಾವು ಗಬ್ಬುಸಾವಂತಿ ಅಂತೀವಿ ಕಣವ್ವ," ಎಂದರು ಚಿಕ್ಕಲಕ್ಷ್ಮಮ್ಮ. "ರಾಗಿ ಕುಯ್ಯೋವಾಗ ಕುಡುಗೋಲು ತಾಕಿದ್ರೆ ಎರಡು ಎಲೆ ಅಂಗೈಲಿ ಉಜ್ಜಿ ಒತ್ಕೊಂತಿದ್ವಿ. ರಕ್ತ ನಿಂತೋಗದು. ನಿಮ್ ಕಾಲೇಜಲ್ಲಿ ಯಾರ್ ರಾಗಿ ಕುಯ್ತಾರೆ?"

"ಬ್ಯಾಕ್ಟೀರಿಯಾ ಸಾಯುತ್ತಾ ಅಂತ ನೋಡೋಕೆ."

"ಕಿತ್ಕೊಂಡೋಗು. ಸೈಟು ಕ್ಲೀನ್ ಆದಂಗಾಯ್ತು."

ಪ್ರಯೋಗ ಮಾಡಿದವಳು ಕೊನೆಯ ವರ್ಷದ ವಿದ್ಯಾರ್ಥಿನಿ ಸಂಘಮಿತ್ರಾ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ನೆನೆಹಾಕಿ ರಸ ತೆಗೆದಳು. ಬ್ಯಾಕ್ಟೀರಿಯಾ ಹರಡಿದ ತಟ್ಟೆಗಳ ಮೇಲೆ, ಆ ರಸದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟಳು. ಮಾರನೆಯ ದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ಉಂಗುರ ಬಿಟ್ಟರೆ ಔಷಧಿ ಕೆಲಸ ಮಾಡಿದೆ ಎಂದು ಲೆಕ್ಕ. ಉಂಗುರ ಬಂದಿತ್ತು. ಅಗಲ ಹದಿನಾಲ್ಕು ಮಿಲಿಮೀಟರ್. ಜಲಜಾ ಅದನ್ನು ಕಂಡು ಹನ್ನೊಂದು ವರ್ಷದ ಸೊನ್ನೆ ಬಿಲ್ಲೆಯ ಸುತ್ತ ಕರಗಿಹೋದಂತೆ ನಿಟ್ಟುಸಿರುಬಿಟ್ಟರು.

"ಮ್ಯಾಮ್, ಇನ್ನೊಂದು ತಟ್ಟೆ ಇದೆ," ಎಂದಳು ಸಂಘಮಿತ್ರಾ. "ಎಲೆ ಇಲ್ದೆ ಬರೀ ಎಥನಾಲ್ ಹಾಕಿದ್ನಲ್ಲ, ಅದಕ್ಕೂ ಹದಿನಾಲ್ಕೇ ಬಂದಿದೆ."

ಬಿಲ್ಲೆಗಳನ್ನು ಒಣಗಲು ಬಿಟ್ಟು ಆಮೇಲೆ ಇಡಬೇಕಿತ್ತು. ತಂಡ ಬರುವ ದಿನ ಹತ್ತಿರವಾಗಿತ್ತೆಂದು ಹಸಿಯಾಗಿಯೇ ಇಟ್ಟಿದ್ದರು. ಬ್ಯಾಕ್ಟೀರಿಯಾವನ್ನು ಕೊಂದದ್ದು ಎಥನಾಲ್. ಎಲೆಯಲ್ಲಿ ಗುಣ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಅದು ಸೀಮೆಎಣ್ಣೆ ಸುರಿದು ಹೊತ್ತಿಸಿ, ಕಟ್ಟಿಗೆ ಒಣಗಿತ್ತೋ ಇಲ್ಲವೋ ಎಂದು ತೀರ್ಮಾನಿಸಿದ ಹಾಗಿತ್ತು.

"ಇನ್ನೊಂದ್ಸಲ ಮಾಡೋಣ್ವಾ ಮ್ಯಾಮ್?"

ಜಲಜಾ ಕ್ಯಾಲೆಂಡರ್ ನೋಡಿದರು. "ಆ ತಟ್ಟೆಯ ಲೆಕ್ಕ ಪೇಪರಿನ ಟೇಬಲ್ಲಲ್ಲಿ ಬೇಡ," ಎಂದರು. "ನೋಟ್‌ಬುಕ್ಕಿನ ಆ ಪುಟ ಹರಿದು ಹಾಕ್ಬಿಡು."

ಹೀಗೆ ಐದು ಕಾಲಮ್ಮಿನ ಟೇಬಲ್ ನಾಲ್ಕು ಕಾಲಮ್ಮಿನದಾಯಿತು. ಯಾವ ಊರಿನಿಂದ ಹೊರಡುತ್ತದೆಂದು ಯಾರಿಗೂ ತಿಳಿಯದ ಒಂದು ಜರ್ನಲ್ ಪೇಪರನ್ನು ನಾಲ್ಕೇ ದಿನದಲ್ಲಿ ಒಪ್ಪಿಕೊಂಡಿತು. ಇಬ್ಬರು ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿ ಮೆಚ್ಚಿದ್ದಾರೆಂದು ಪತ್ರದಲ್ಲಿತ್ತು. ಜಲಜಾ ಮೊದಲ ಲೇಖಕಿ, ವಿಠ್ಠಲ ಎರಡನೆಯ ಲೇಖಕ. ಸಂಘಮಿತ್ರಾಳಿಗೆ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ. ತಂಡ ಬಂತು, ಗೋಡಂಬಿ ತಿಂದಿತು, ಹೋಯಿತು.

ವಿಷಯ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಜರ್ನಲ್‌ನ ಒಂದು ಪ್ರತಿ ಮನೆಗೆ ಬಂತು.

ಪುರುಷೋತ್ತಮ ನಿವೃತ್ತರಾಗುವವರೆಗೆ ಸರ್ಕಾರದ ಗೆಜೆಟ್ ಅಚ್ಚಿಗೆ ಹೋಗುವ ಮುನ್ನ ಓದುವ ಕೆಲಸದಲ್ಲಿದ್ದವರು. ಮೂವತ್ತಾರು ವರ್ಷ. ಮನುಷ್ಯನಿಗೆ ಬಡ್ತಿ ಸಿಕ್ಕಿತೋ, ಊರಿಗೆ ಹೊಸ ಹೆಸರು ಬಂತೋ, ಕೆರೆ ಕೆರೆಯಾಗಿ ಉಳಿದಿದೆಯೋ, ಎಲ್ಲವೂ ಅವರ ಪಾಲಿಗೆ ಅಚ್ಚಾದ ದಿನದಿಂದ ನಿಜವಾಗುತ್ತಿದ್ದವು. ಅಚ್ಚಾದದ್ದರಲ್ಲಿ ತಪ್ಪಿದ್ದರೆ? ಅದಕ್ಕೆ ತಿದ್ದೋಲೆ ಹೊರಡಿಸಬೇಕು. ತಿದ್ದೋಲೆಯೂ ಅಚ್ಚಾಗಬೇಕು. ಅಲ್ಲಿಯವರೆಗೆ ತಪ್ಪೇ ಜಾರಿಯಲ್ಲಿರುತ್ತದೆ. ಹಾಸನದ ಒಬ್ಬ ಗುಮಾಸ್ತನನ್ನು ಒಮ್ಮೆ ತಪ್ಪಿ ನಿವೃತ್ತನೆಂದು ಅಚ್ಚು ಹಾಕಿದಾಗ, ಆತ ತಿದ್ದೋಲೆ ಬರುವ ತನಕ ಎರಡು ತಿಂಗಳು ಮನೆಯಲ್ಲೇ ಕೂತಿದ್ದನ್ನು ಪುರುಷೋತ್ತಮ ಆದರ್ಶ ನಡತೆಯೆಂದು ಈಗಲೂ ಹೇಳುತ್ತಿದ್ದರು.

ಮಗಳ ಪೇಪರನ್ನು ಅವರು ಮೂರು ಸಲ ಓದಿದರು. ಎರಡು ಅಚ್ಚಿನ ತಪ್ಪು ಹುಡುಕಿದರು. ಪುಟಗಳ ಚಿತ್ರ ತೆಗೆದು, ಗಿಡ ನಮ್ಮ ಪಕ್ಕದ ಸೈಟಿನಲ್ಲೇ ಇದೆ ಎಂಬ ಸಾಲಿನೊಂದಿಗೆ, ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ವಾಟ್ಸಾಪ್ ಗುಂಪಿಗೆ ಹಾಕಿದರು. ನೂರ ಹನ್ನೆರಡು ಜನರ ಆ ಗುಂಪಿನಲ್ಲಿ ಎಂಬತ್ತು ಮಂದಿ ಕೈ ಮುಗಿದರು, ಯಾರೂ ಓದಲಿಲ್ಲ. ಮಾರನೆಯ ಬೆಳಿಗ್ಗೆ ಆರೂವರೆಗೆ ಚಿಕ್ಕಲಕ್ಷ್ಮಮ್ಮನ ಸೈಟಿನಲ್ಲಿ ಸ್ಪೋರ್ಟ್ಸ್ ಶೂ ಹಾಕಿದ ಏಳು ಜನ ಬಗ್ಗಿ ನಿಂತಿದ್ದರು. ವಾರ ಕಳೆಯುವಷ್ಟರಲ್ಲಿ ಸೈಟಿನಲ್ಲಿ ಉಳಿದದ್ದು ಕಮೋಡು ಮಾತ್ರ.

ಅದೇ ವಾರ ಪುರುಷೋತ್ತಮರಿಗೆ ಹೊಸ ಚಪ್ಪಲಿ ಕಚ್ಚಿತು. ಬಲಗಾಲಿನ ಕಿರುಬೆರಳಿನ ಪಕ್ಕದ ಬೆರಳಲ್ಲಿ ಗುಳ್ಳೆ. ಹದಿನೇಳು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಿನ ಗುಳ್ಳೆ ನೋಯುವುದಿಲ್ಲ, ಅದೇ ಅದರ ಅಪಾಯ. ಅವರು ಯಾರಿಗೂ ಹೇಳದೆ ಮಿಕ್ಸಿಯ ಚಟ್ನಿ ಜಾರಿನಲ್ಲಿ ಎಲೆ ಅರೆದು, ಬೆರಳಿಗೆ ಮೆತ್ತಿ, ಮೇಲೆ ಕಾಲುಚೀಲ ಹಾಕಿಕೊಂಡರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಗುರುವಾರ ಬೆಳಿಗ್ಗೆ ದೋಸೆಗೆ ಚಟ್ನಿ ಅರೆಯಲು ಹೋದ ಜಲಜಾಗೆ ಜಾರಿನಲ್ಲಿ ಕೊತ್ತಂಬರಿಯಲ್ಲದ ಹಸಿರು ವಾಸನೆ ಬಂತು.

"ಅಪ್ಪ, ಇದರಲ್ಲಿ ಏನು ಅರೆದ್ರಿ?"

"ನಿನ್ನ ಪೇಪರು," ಎಂದು ಪುರುಷೋತ್ತಮ ನಕ್ಕರು.

ಕಾಲುಚೀಲ ತೆಗೆಸಿ ನೋಡಿದರೆ, ಒಣಗಿದ ಸೊಪ್ಪಿನ ಅಡಿಯಲ್ಲಿ ಬೆರಳು ಊದಿತ್ತು. ಉಗುರಿನ ಪಕ್ಕ ಕಾಳುಮೆಣಸಿನಷ್ಟು ಕಪ್ಪು. ಬ್ಯಾಕ್ಟೀರಿಯಾ ಬೆಳೆಯುವ ಬಗೆಯನ್ನು ಹನ್ನೊಂದು ವರ್ಷ ಚೆನ್ನಾಗಿ ಪಾಠ ಮಾಡಿದವರಿಗೆ ಆ ಕಪ್ಪು ಏನೆಂದು ಯಾರೂ ಹೇಳಬೇಕಿರಲಿಲ್ಲ.

"ಅಪ್ಪ, ಈಗಲೇ ಆಸ್ಪತ್ರೆಗೆ ಹೋಗೋಣ."

"ಯಾಕೆ? ಡಾಕ್ಟರು ಆಂಟಿಬಯೋಟಿಕ್ ಕೊಡ್ತಾರೆ. ಇದು ಅದಕ್ಕೆ ಸಮಾನ ಅಂತ ನೀನೇ ಬರ್ದಿದೀಯ. ಐದನೇ ಪುಟ, ಕೆಳಗಿನಿಂದ ಮೂರನೇ ಸಾಲು."

ಜಲಜಾ ನೆಲದ ಮೇಲೆ ಕುಳಿತರು. ಹೇಳಬೇಕಾದದ್ದನ್ನು ಹೇಳಿದರು. ಹಸಿ ಬಿಲ್ಲೆ, ಎಥನಾಲ್, ಹದಿನಾಲ್ಕು ಮಿಲಿಮೀಟರ್, ತೆಗೆದುಹಾಕಿದ ಕಾಲಮ್ಮು, ಯಾವುದನ್ನೂ ಬಿಡಲಿಲ್ಲ. ಅಪ್ಪನ ಮುಖ ನೋಡಿಕೊಂಡು ಅದನ್ನು ಹೇಳುವುದು ಸುಲಭವಾಗಿರಲಿಲ್ಲ. ಪುರುಷೋತ್ತಮ ಪೂರ್ತಿ ಕೇಳಿಸಿಕೊಂಡರು.

"ತಿದ್ದೋಲೆ ಬಂದಿದೆಯಾ?" ಎಂದರು.

"ಏನು?"

"ಜರ್ನಲ್‌ನವರು ತಿದ್ದೋಲೆ ಹೊರಡ್ಸಿದಾರಾ?"

"ಇಲ್ಲ ಅಪ್ಪ. ನಾನೇ ಹೇಳ್ತಾ ಇದೀನಲ್ಲ. ಬರೆದವಳು ನಾನು."

"ಬರೆಯೋ ತನಕ ನಿಂದು ಕಣಮ್ಮ. ಅಚ್ಚಾದ್ಮೇಲೆ ನಿಂದಲ್ಲ. ನಾಳೆ ಒಬ್ಬ ಅಧಿಕಾರಿ ಬಂದು, ಆವತ್ತು ಏನೋ ಬೇಜಾರಲ್ಲಿ ಸಹಿ ಹಾಕ್ಬಿಟ್ಟೆ ಅಂದ್ರೆ ಕಾನೂನು ಬಿದ್ದೋಗತ್ತಾ? ಇಬ್ಬರು ವಿದ್ವಾಂಸರು ನೋಡಿದಾರೆ. ನಿನಗೆ ನಿನ್ನ ಮೇಲೆ ನಂಬಿಕೆ ಕಡಿಮೆ. ನಿಮ್ಮಮ್ಮನ ಹಾಗೆ."

ಜಲಜಾ ಆಟೋ ಕರೆಸಿದರು. ಪುರುಷೋತ್ತಮ ಬಾಲ್ಕನಿಯಿಂದಲೇ ಡ್ರೈವರ್‌ಗೆ, ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಎಂದು ಹೇಳಿ ಕಳಿಸಿಬಿಟ್ಟರು. ಜಲಜಾ ಚಿಕ್ಕಲಕ್ಷ್ಮಮ್ಮನನ್ನು ಕರೆತಂದರು. ಆಕೆ ಬಾಗಿಲಲ್ಲೇ ನಿಂತು ಕಾಲನ್ನು ನೋಡಿದರು.

"ಅಲ್ಲ ಸ್ವಾಮಿ, ಇದು ಕುಡುಗೋಲು ಗಾಯದ ಸೊಪ್ಪು. ಸಕ್ಕರೆ ಕಾಲಿಗೆ ಯಾರಾದ್ರೂ ಹಾಕ್ತಾರಾ? ನಂಗೂ ಸಕ್ಕರೆ ಐತೆ. ಉಗುರು ಕತ್ತರಿಸೋಕೂ ನಾನು ಡಾಕ್ಟರತ್ರ ಹೋಯ್ತೀನಿ."

"ನಿಮ್ಮದು ಅನುಭವ ಅಮ್ಮ," ಎಂದರು ಪುರುಷೋತ್ತಮ ಬಹಳ ಗೌರವದಿಂದ. "ಇದು ದಾಖಲೆ."

ಚಿಕ್ಕಲಕ್ಷ್ಮಮ್ಮ ಜಲಜಾ ಕಡೆ ತಿರುಗಿದರು. "ಕಾಲು ಹೋದ್ರೆ ದಾಖಲೆ ಊರ್ಕೊಂಡು ನಡೀತಾರಾ ಕೇಳು," ಎಂದು ಹೇಳಿ ಮೆಟ್ಟಿಲಿಳಿದರು.

ಜಲಜಾ ಜರ್ನಲ್‌ಗೆ ಮೇಲ್ ಬರೆದರು. ತಮ್ಮ ಪೇಪರು ತಪ್ಪು, ದಯವಿಟ್ಟು ಕೂಡಲೇ ತಿದ್ದುಪಡಿ ಪ್ರಕಟಿಸಿ, ಒಬ್ಬರ ಕಾಲಿನ ಪ್ರಶ್ನೆ ಇದೆ. ಶುಕ್ರವಾರ ಇಡೀ ದಿನ ಉತ್ತರವಿಲ್ಲ. ಕಪ್ಪು ಈಗ ಕಡಲೆಕಾಳಿನಷ್ಟಾಗಿತ್ತು. ಶನಿವಾರ ಬೆಳಿಗ್ಗೆ ಉತ್ತರ ಬಂತು. ಮೇಲ್ ಕಳಿಸಿದ್ದಕ್ಕೆ ಅಭಿನಂದನೆ, ನಿಮ್ಮ ಬರಹ ಕುತೂಹಲಕಾರಿಯಾಗಿದೆ, ಇದನ್ನು ಹೊಸ ಲೇಖನವಾಗಿ ಸಲ್ಲಿಸಿದರೆ ಮುಂದಿನ ಸಂಚಿಕೆಗೆ ಪರಿಗಣಿಸಲಾಗುವುದು. ಮುಂದಿನ ಸಂಚಿಕೆ ಮೂರು ತಿಂಗಳಿಗೆ.

ಜಲಜಾ ಸಂಘಮಿತ್ರಾಗೆ ಫೋನ್ ಮಾಡಿದರು.

"ಆ ನೋಟ್‌ಬುಕ್ಕಿನ ಪುಟ ಹರಿದು ಹಾಕು ಅಂದಿದ್ನಲ್ಲ…"

"ಹೌದು ಮ್ಯಾಮ್. ಹರಿಯೋದು ಮರ್ತ್‌ಹೋಯ್ತು."

ಒಂದು ಗಂಟೆಯಲ್ಲಿ ಆಕೆ ರಾಜರಾಜೇಶ್ವರಿನಗರದಿಂದ ಮೆಟ್ರೋ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿದಳು. ಜಲಜಾ ಕಾಯುತ್ತಿದ್ದದ್ದು ಸ್ಟೇಷನ್ನಿನ ಕೆಳಗಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಮದುವೆ ಕಾರ್ಡು, ಬಾಡಿಗೆ ಕರಾರು, ಶ್ರದ್ಧಾಂಜಲಿ ಫ್ಲೆಕ್ಸು ಮಾಡಿಕೊಡುವ ಜಾಗ. ಅಂಗಡಿಯ ಗೌತಮ್ ಜರ್ನಲ್‌ನ ಪುಟವನ್ನು ಸ್ಕ್ಯಾನ್ ಮಾಡಿ, ಅದೇ ಅಕ್ಷರ, ಅದೇ ಗೆರೆ, ಅದೇ ಲಾಂಛನ ಕೂರಿಸಿದ.

"ಡೂಪ್ಲಿಕೇಟಾ ಆಂಟಿ?" ಎಂದು ದನಿ ತಗ್ಗಿಸಿದ.

"ಇಲ್ಲ. ಇದರಲ್ಲಿ ಬರೆದಿರೋದೆಲ್ಲ ನಿಜ."

"ನಿಜಾನ ಯಾರೂ ನಮ್ಮತ್ರ ಮಾಡಿಸಲ್ಲ ಆಂಟಿ."

ಸಂಘಮಿತ್ರಾ ನೋಟ್‌ಬುಕ್ ಬಿಡಿಸಿ ಹಿಡಿದಳು. ಜಲಜಾ ಹೇಳುತ್ತ ಹೋದರು, ಗೌತಮ್ ಟೈಪ್ ಮಾಡಿದ. ಬಿಟ್ಟುಹೋಗಿದ್ದ ಐದನೆಯ ಕಾಲಮ್ಮು ಬಂತು. ಬರೀ ಎಥನಾಲ್ ಕೂಡ ಹದಿನಾಲ್ಕು ಮಿಲಿಮೀಟರ್ ಕೊಟ್ಟಿದೆ, ಆದ್ದರಿಂದ ಈ ಪ್ರಯೋಗದಿಂದ ಎಲೆಯ ಬಗ್ಗೆ ಏನೂ ಹೇಳಲಾಗದು, ಗಾಯಕ್ಕೆ ಬಳಸಬಾರದು. ಜಲಜಾ ಬರೆದ ಮೊದಲ ಪ್ರಾಮಾಣಿಕ ಪೇಪರು ಹೀಗೆ ಮದುವೆ ಕಾರ್ಡುಗಳ ನಡುವೆ ತಯಾರಾಯಿತು.

ಮಧ್ಯಾಹ್ನ ಅದನ್ನು ತಂದು ಅಪ್ಪನ ಕೈಗಿತ್ತರು. ಪುರುಷೋತ್ತಮ ಕನ್ನಡಕ ಬದಲಾಯಿಸಿದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಲ ಪೇಪರು ತರಿಸಿ ಪಕ್ಕದಲ್ಲಿಟ್ಟುಕೊಂಡರು. ಸಂಪುಟ, ಸಂಚಿಕೆ, ತಿಂಗಳು, ಒಂದೊಂದಕ್ಕೂ ಪೆನ್ಸಿಲ್ಲಿನ ತುದಿ ಮುಟ್ಟಿಸಿದರು. ಜಲಜಾ ಕಣ್ಣು ಕಾಲುಚೀಲದ ಮೇಲಿತ್ತು.

ಪೆನ್ಸಿಲ್ ನಿಂತಿತು.

"ಟೇಬಲ್ ಇರೋದು ನೂರ ಹದಿಮೂರನೇ ಪುಟದಲ್ಲಿ. ಇದರಲ್ಲಿ ನೂರ ಹನ್ನೆರಡು ಅಂತಿದೆ."

ಗೌತಮ್‌ಗೆ ಪುಟದ ಸಂಖ್ಯೆ ಹೇಳಿದವರು ಸ್ವತಃ ಜಲಜಾ.

ಪುರುಷೋತ್ತಮರ ಮುಖದಲ್ಲಿ ನಿಧಾನವಾಗಿ ಹಳೆಯ ಕಚೇರಿಯ ಸಂತೋಷ ಮೂಡಿತು. "ಮೂವತ್ತಾರು ವರ್ಷದಲ್ಲಿ ತಪ್ಪಿಲ್ಲದ ತಿದ್ದೋಲೆ ನಾನು ಒಂದೂ ನೋಡಿಲ್ಲ," ಎಂದರು. "ಅಸಲಿ ಇದು. ಆಟೋ ಕರಿ."

ಹೊರಡುವ ಮುಂಚೆ ಹಾಳೆಯ ಚಿತ್ರ ತೆಗೆದು ಪಾರ್ಕಿನ ಗುಂಪಿಗೆ ಹಾಕಿದರು. ಮೂಲವನ್ನು ಕಳಿಸಿದವನು ತಿದ್ದೋಲೆಯನ್ನೂ ಕಳಿಸತಕ್ಕದ್ದು.

ಆಸ್ಪತ್ರೆಯ ಡಾಕ್ಟರಮ್ಮ ಕಾಲು ನೋಡಿದರು. ಬೆರಳು ಹೋಗಬೇಕು, ಪಾದ ಉಳಿಯುತ್ತದೆ ಎಂದರು. ಆಪರೇಷನ್ ಆದ ಮೇಲೆ ಜಲಜಾ ಒಬ್ಬರೇ ಸಿಕ್ಕಾಗ, ಗುರುವಾರ ಕರ್ಕೊಂಡು ಬಂದಿದ್ರೆ ಬೆರಳೂ ಉಳೀತಿತ್ತು ಎಂದು ಸೇರಿಸಿದರು. ಯಾಕೆ ತಡ ಮಾಡಿದ್ರಿ ಎಂದು ಕೇಳಿದರು. ಜಲಜಾ ಉತ್ತರಕ್ಕೆ ಬಾಯಿ ತೆರೆದರು. ಗೆಜೆಟ್ಟಿನಿಂದ ಶುರು ಮಾಡಬೇಕಿತ್ತು, ಡಾಕ್ಟರಮ್ಮನಿಗೆ ಅಷ್ಟು ಸಮಯ ಇರಲಿಲ್ಲ.

ಮಂಗಳವಾರ ವಿಠ್ಠಲ ಮೋಸಂಬಿ ಚೀಲ ಹಿಡಿದು ವಾರ್ಡಿಗೆ ಬಂದರು. ಪಾರ್ಕಿನ ಗುಂಪಿನಿಂದ ಯಾರ್ಯಾರದೋ ಫೋನು ಹಾದು ಆ ಹಾಳೆ ಅವರಿಗೂ ತಲುಪಿತ್ತು. ಜಲಜಾ ಕುರ್ಚಿಯಿಂದ ಎದ್ದು ನಿಂತರು. ಬೈಗುಳಕ್ಕೆ ಸಿದ್ಧವಾಗಿದ್ದರು. ವಿಠ್ಠಲರ ಮುಖ ಮಾತ್ರ ಅರಳಿತ್ತು.

"ತಿದ್ದುಪಡೀನೂ ಪಬ್ಲಿಕೇಷನ್ನೇ ಮೇಡಂ, ನಾನು ವಿಚಾರಿಸ್ದೆ. ಈಗ ನಿಮ್ದು ಎರಡಾಯ್ತು, ನಂದು ನಲವತ್ತೊಂದಾಯ್ತು. ಒರಿಜಿನಲ್ ಕೊಟ್ರೆ ಫೈಲಿಗೆ ಸೇರಿಸ್ತೀನಿ. ಸೊನ್ನೆ ಅಂತ ಇನ್ನು ಯಾರೂ ನಿಮ್ಮನ್ನ ಮುಟ್ಟೋ ಹಾಗಿಲ್ಲ."

ಹಾಸಿಗೆಯ ತುದಿಯಲ್ಲಿ ಅಪ್ಪನ ಕಾಲು ದಿಂಬಿನ ಮೇಲಿತ್ತು. ಬ್ಯಾಂಡೇಜು ಒಂದು ಕಡೆ ಒಳಕ್ಕೆ ಕುಸಿದಿತ್ತು. ಜಲಜಾ ಅದನ್ನೇ ನೋಡುತ್ತ ಹೇಳಿದರು.

"ಅದಕ್ಕೆ ಒರಿಜಿನಲ್ ಇಲ್ಲ ಸಾರ್. ಅತ್ತಿಗುಪ್ಪೆಯಲ್ಲಿ ನಾನೇ ಮಾಡಿಸಿದ್ದು. ಅದರಲ್ಲಿರೋದು ನಿಜ. ಜರ್ನಲ್‌ನಲ್ಲಿ ಬಂದಿರೋದು ಸುಳ್ಳು."

ವಿಠ್ಠಲ ಮೋಸಂಬಿ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತರು. ನಿದ್ದೆ ಮಾಡುತ್ತಿದ್ದಾರೆಂದುಕೊಂಡಿದ್ದ ಪುರುಷೋತ್ತಮ ಕಣ್ಣು ಬಿಟ್ಟರು.

"ಅಂದ್ರೆ ಮೊದಲನೇದು ಇನ್ನೂ ಜಾರಿಯಲ್ಲಿದೆ."

"ಇದೆ ಅಪ್ಪ."

"ಹಾಗಿದ್ರೆ ನನ್ನ ಬೆರಳು ತೆಗೆದದ್ದು ಯಾವ ಆಧಾರದ ಮೇಲೆ?"

"ಕೊಳೆತಿತ್ತು ಅಪ್ಪ."

ಪುರುಷೋತ್ತಮ ಸ್ವಲ್ಪ ಹೊತ್ತು ಕಾಲನ್ನು ನೋಡಿದರು. ಯಾವ ಆದೇಶವೂ ಇಲ್ಲದೆ, ಕೇವಲ ಕೊಳೆತದ್ದರಿಂದ, ಒಂದು ವಸ್ತು ಇಲ್ಲವಾಗಿರುವುದು ಅವರ ಅನುಭವಕ್ಕೆ ಹೊಸದು. ಮಗಳನ್ನು ನೋಡಿದರು. ಅವಳು ಅಳುತ್ತಿದ್ದಳು, ಆದರೆ ಕಣ್ಣು ತಗ್ಗಿಸಿರಲಿಲ್ಲ.

"ಪೆನ್ನು ತಗೋ," ಎಂದರು.

"ಯಾಕಪ್ಪ?"

"ಬೇರೆಯವರೂ ಓದಿರ್ತಾರೆ. ಎಲ್ಲರ ಮಕ್ಕಳೂ ಅತ್ತಿಗುಪ್ಪೆಗೆ ಹೋಗಲ್ಲ. ಹೊಸ ಲೇಖನ ಅಂತ ಅಲ್ಲ, ತಿದ್ದೋಲೆ ಅಂತಲೇ ಕಳಿಸು. ಪ್ರಕಟಿಸೋ ತನಕ ದಿನಕ್ಕೊಂದು ಜ್ಞಾಪನ ಪತ್ರ ನಾನು ಬರೀತೀನಿ, ನನಗೇನು ಬೇರೆ ಕೆಲಸ. ಬರಿ. ಮಾನ್ಯರೇ."

ಜಲಜಾ ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆಯತೊಡಗಿದರು. ಇದು ಹೋದರೆ ಹೆಸರಿನ ಮುಂದೆ ಮತ್ತೆ ಸೊನ್ನೆ, ಸೊನ್ನೆಯ ಮುಂದೆ ಕೆಲಸವೂ ಇಲ್ಲದಿರಬಹುದು. ಪುರುಷೋತ್ತಮ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿ ಬರೆಸಿದರು. ಎಥನಾಲ್ ಬಂತು, ಹದಿನಾಲ್ಕು ಮಿಲಿಮೀಟರ್ ಬಂತು. ಪುಟ ನೂರ ಹದಿಮೂರು ಎನ್ನುವುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಹಾಕಿಸಿದರು.

ವಿಠ್ಠಲ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು.

"ಸಾರ್, ಹೇಗೂ ತಿದ್ತಾ ಇದೀರಿ," ಎಂದರು ಮೆಲ್ಲಗೆ. "ಎರಡನೇ ಲೇಖಕನ ಹೆಸರೂ ಕಣ್ತಪ್ಪಿನಿಂದ ಸೇರಿದೆ ಅಂತ ಒಂದು ಸಾಲು ಹಾಕ್ಬಿಡಿ."

ಪುರುಷೋತ್ತಮ ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು.

"ಅಚ್ಚಾದ ಹೆಸರು ತೆಗೆಯೋದು ಬೇರೆ ವಿಷಯ ಸಾರ್. ಅದಕ್ಕೆ ನೀವೇ ಪ್ರತ್ಯೇಕ ಅರ್ಜಿ ಕೊಡ್ಬೇಕು. ಕಾರಣ ಬರ್ದು."